‘ಇಲ್ಲಿ ನೋಡು’ ಎಂದ ತಪ್ಪು

ನಮ್ಮ ಬೀದಿಯಲ್ಲಿ ಯಾರೇ ಹೊಸ ಬೈಕು ತಂದರೂ ಮೊದಲು ಅದನ್ನು ನನ್ನ ಸ್ಟುಡಿಯೋ ಮುಂದೆ ನಿಲ್ಲಿಸುತ್ತಾರೆ. ಹೆಲ್ಮೆಟ್ ತೆಗೆದು ಪಕ್ಕಕ್ಕಿಡುತ್ತಾರೆ, ಕೂದಲು ಬಾಚಿಕೊಳ್ಳುತ್ತಾರೆ, “ಅಕ್ಕಾ, ಓಡಿಸ್ತಾ ಇರೋ ಥರ ಒಂದು ತೆಗೀರಿ” ಅನ್ನುತ್ತಾರೆ. ನಾನೂ ತೆಗೆಯುತ್ತಿದ್ದೆ. ಫೋಟೋ ಅಂದಮೇಲೆ ಮುಖ ಕಾಣಬೇಡವೇ? ಮೂವತ್ತು ವರ್ಷ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದವಳು ನಾನು. “ಗದ್ದ ಸ್ವಲ್ಪ ಮೇಲೆ. ಇಲ್ಲಿ ನೋಡಿ. ರೆಡಿ.” ನಿದ್ದೆಯಿಂದ ಎಬ್ಬಿಸಿದರೂ ನನ್ನ ಬಾಯಿಂದ ಮೊದಲು ಬರುವುದು ಇದೇ ಎಂದು ಮಗ ತಮಾಷೆ ಮಾಡುತ್ತಾನೆ.

ಅವನದೂ ಒಂಥರಾ ಫೋಟೋ ಕೆಲಸವೇ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಾನೆ. ಅವನ ಹೆಂಡತಿ, ಅಂದರೆ ನನ್ನ ಸೊಸೆ, ಬೈಕ್ ಮೆಕ್ಯಾನಿಕ್. ಭಾನುವಾರ ಬಂತೆಂದರೆ ಬೈಕಿನ ಮೇಲೆ ಸ್ಟಂಟ್ ಮಾಡುತ್ತಾಳೆ. ಅವರ ತಂಡದಲ್ಲಿ ಆರು ಜನ, ಹೆಂಗಸು ಇವಳೊಬ್ಬಳೇ.

ಅವಳು ನಮ್ಮ ಮನೆಗೆ ಬಂದ ಹೊಸತರಲ್ಲಿ ನನಗೆ ಎಲ್ಲ ಬೈಕೂ ಒಂದೇ. ಸದ್ದು ಮಾಡುತ್ತವೆ, ಹೊಗೆ ಬಿಡುತ್ತವೆ, ಅಷ್ಟೇ. ಈಗ ಅಡುಗೆಮನೆಯಲ್ಲಿ ನಿಂತೇ, ಬೀದಿಯಲ್ಲಿ ಹೋದ ಬೈಕು ಯಾವುದು, ಅದರ ಚೈನು ಸಡಿಲಾಗಿದೆಯೋ ಇಲ್ಲವೋ ಎಂದು ಹೇಳುತ್ತೇನೆ. ಅತ್ತೆ ಸೊಸೆ ತರಕಾರಿ ಹೆಚ್ಚುತ್ತಾ ಕ್ಲಚ್ಚಿನ ವಿಷಯ ಮಾತಾಡುವುದನ್ನು ಕೇಳಿ ಮಗ ತಲೆ ಚಚ್ಚಿಕೊಳ್ಳುತ್ತಾನೆ.

ಕೆಲವು ತಿಂಗಳ ಹಿಂದೆ ಅವಳ ತಂಡಕ್ಕೆ ಸ್ಟೇಡಿಯಂನಲ್ಲಿ ಪ್ರದರ್ಶನ ಕೊಡುವ ಅವಕಾಶ ಬಂತು. ಪೋಸ್ಟರಿಗೆ ಒಂದು ಒಳ್ಳೆಯ ಫೋಟೋ ಬೇಕು.

“ಅತ್ತೆ, ನೀವೇ ತೆಗೆದುಕೊಡಿ” ಅಂದಳು ಸೊಸೆ.

ಭಾನುವಾರ ಬೆಳಗ್ಗೆ, ತಂಡದ ಉಳಿದವರು ಬರುವ ಮೊದಲೇ, ಅವಳ ಜೊತೆ ಹೋದೆ. ಹಳೇ ಗೋದಾಮಿನ ಹಿಂದೆ ದೊಡ್ಡ ಸಿಮೆಂಟ್ ಅಂಗಳ. ಸುತ್ತ ಗೋಡೆ, ಗೇಟಿಗೆ ಬೀಗ. ಮಾಲೀಕರು ಬರೆದುಕೊಟ್ಟ ಅನುಮತಿ ಪತ್ರ ಗೇಟಿನ ಒಳಗೆ ಅಂಟಿಸಿತ್ತು. ಹೋದವಳೇ ಬೈಕು ಹತ್ತುತ್ತಾಳೆ ಅಂದುಕೊಂಡಿದ್ದೆ. ಅವಳು ಪೊರಕೆ ಹಿಡಿದಳು.

“ಇದೇನೇ, ಮನೇಲಿ ಪೊರಕೆ ಮುಟ್ಟೋಕೆ ಸೋಮಾರಿತನ, ಇಲ್ಲಿ ನೋಡಿದ್ರೆ ಊರಗಲ ಗುಡಿಸ್ತಿದ್ದೀಯ?”

“ಒಂದು ಹಿಡಿ ಮರಳಿದ್ರೆ ಸಾಕು ಅತ್ತೆ, ಟೈರ್ ಜಾರುತ್ತೆ.”

ಆಮೇಲೆ ಪೊಲೀಸರು ರಸ್ತೆಯಲ್ಲಿ ಇಡುವಂಥ ಕೆಂಪು ಕೋನುಗಳನ್ನು ಸಾಲಾಗಿ ಇಟ್ಟು, “ನೀವು ಈ ಗೆರೆ ದಾಟಬಾರದು” ಅಂದಳು. ಮೊಣಕಾಲಿಗೆ, ಮೊಣಕೈಗೆ ಗಟ್ಟಿ ಚಿಪ್ಪು ಕಟ್ಟಿದಳು. ದಪ್ಪ ಜಾಕೆಟ್, ಗ್ಲೌಸ್, ಮುಖವೆಲ್ಲ ಮುಚ್ಚುವ ಕಪ್ಪು ಗಾಜಿನ ಹೆಲ್ಮೆಟ್. ಗದ್ದದ ಪಟ್ಟಿಯನ್ನು ಎರಡು ಸಲ ಎಳೆದು ನೋಡಿದಳು. ಕೊನೆಗೆ ಬೈಕಿಗೆ ಸಿಕ್ಕಿಸಿದ್ದ ಒಂದು ದಾರವನ್ನು ಎಳೆದು ಮಣಿಕಟ್ಟಿಗೆ ಕಟ್ಟಿಕೊಂಡಳು. ಅವಳು ಬಿದ್ದರೆ ದಾರ ಕಿತ್ತುಕೊಂಡು ಎಂಜಿನ್ ತಾನೇ ನಿಲ್ಲುತ್ತದಂತೆ.

ಎರಡು ಸುತ್ತು ನಿಧಾನವಾಗಿ ಹೊಡೆದಳು. ಮೂರನೇ ಸುತ್ತಿಗೆ ಮುಂದಿನ ಚಕ್ರ ನೆಲ ಬಿಟ್ಟಿತು. ಅಬ್ಬಾ! ಅಷ್ಟು ಭಾರದ ಬೈಕು ಹಿಂದಿನ ಒಂದೇ ಚಕ್ರದ ಮೇಲೆ ನೆಟ್ಟಗೆ ನಿಂತು ವೃತ್ತ ಹಾಕತೊಡಗಿತು. ಅದೂ ಸಾಲದೆಂದು ನನ್ನ ಸೊಸೆ ಎಡಗೈ ಬಿಟ್ಟು, ಬಾಗಿ, ನೆಲವನ್ನು ಸವರಿಕೊಂಡು ಹೋದಳು. ನನ್ನ ಮೈ ಜುಮ್ಮೆಂದಿತು. ಇದೇ ಹುಡುಗಿಯಾ ಬೆಳಗ್ಗೆ ಹಾಲು ಉಕ್ಕಿಸಿ ನನ್ನಿಂದ ಬೈಸಿಕೊಂಡದ್ದು? ಅವಳು ಇಳಿದು ಬಂದು “ಬಂತಾ ಅತ್ತೆ?” ಎಂದಾಗಲೇ ಗೊತ್ತಾದದ್ದು, ನಾನು ಬಟನ್ ಒತ್ತಿಯೇ ಇರಲಿಲ್ಲ.

“ಹ್ಯಾಂಡಲ್ ಗಾಳೀಲಿರುತ್ತೆ, ಬೈಕು ಹೇಗೆ ತಿರುಗಿಸ್ತೀಯೇ?”

“ಕಣ್ಣಲ್ಲಿ. ನಾನು ಎತ್ತ ನೋಡ್ತೀನೋ ಬೈಕು ಅತ್ತಲೇ ಹೋಗುತ್ತೆ.”

“ಸುಮ್ನಿರೇ, ನನ್ನ ಕಿವಿಗೆ ಹೂವಿಡಬೇಡ.”

ಮತ್ತೆ ಮಾಡಿಸಿ ಹತ್ತಾರು ಫೋಟೋ ತೆಗೆದೆ. ಪಕ್ಕದ ಅಂಗಡಿಯ ಟೈಲರಮ್ಮನಿಗೆ ಹೆಮ್ಮೆಯಿಂದ ತೋರಿಸಿದೆ. ಅವಳು ಸೂಜಿ ಬಾಯಲ್ಲಿಟ್ಟುಕೊಂಡೇ ನೋಡಿ, “ಇದು ನಿಮ್ಮ ಸೊಸೆ ಅಂತ ಏನು ಗ್ಯಾರಂಟಿ ಅಕ್ಕ? ಯಾವನೋ ಗಂಡಸಿನ ಥರ ಇದೆ” ಅಂದಳು. ನನಗೆ ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. ಇಷ್ಟು ದೊಡ್ಡ ಸಾಹಸ ಮಾಡುವವಳು ನನ್ನ ಸೊಸೆ, ಅದು ಪೋಸ್ಟರ್ ನೋಡಿದವರಿಗೆಲ್ಲ ಗೊತ್ತಾಗಲೇಬೇಕು ಎಂದು ನನಗೆ ಹಟ ಹುಟ್ಟಿತು.

ಮುಂದಿನ ಭಾನುವಾರ ಶುರು ಮಾಡಿದೆ. “ಒಂದೇ ಒಂದು ನಿಮಿಷ ಹೆಲ್ಮೆಟ್ ತೆಗಿಯೇ. ಮುಖ ಕಾಣ್ಲಿ.”

“ಆಗಲ್ಲ ಅತ್ತೆ.”

“ಗಾಜಾದ್ರೂ ಎತ್ತು.”

“ಅದೂ ಆಗಲ್ಲ. ಬೇಕಾದ್ರೆ ಕಪ್ಪು ಗಾಜು ಬಿಚ್ಚಿ ಬಿಳೀದು ಹಾಕ್ತೀನಿ. ಕಣ್ಣು ಕಾಣುತ್ತೆ.”

ಬಿಳೀ ಗಾಜು ಹಾಕಿಕೊಂಡಳು. ಬೈಕು ಎದ್ದಿತು, ವೃತ್ತ ಹಾಕಿತು. ಆದರೆ ಅವಳ ಮುಖ ಪ್ರತಿ ಸಲವೂ ವೃತ್ತದ ಒಳಕ್ಕೇ ತಿರುಗಿರುತ್ತಿತ್ತು, ನನ್ನ ಕಡೆಗಲ್ಲ. ನಾನು ಮೆಲ್ಲಗೆ ಕೋನು ದಾಟಿದೆ. ನಾಲ್ಕು ಹೆಜ್ಜೆ ಒಳಗೆ ಹೋಗಿ ಮಂಡಿಯೂರಿದೆ. ಅವಳು ಎದುರಿಗೆ ಬರುವ ಹೊತ್ತಿಗೆ, ಮೂವತ್ತು ವರ್ಷದ ಗಂಟಲು ಎತ್ತಿ ಕೂಗಿದೆ.

“ಇಲ್ಲಿ ನೋಡು!”

ಮದುವೆಯಾದಾಗಿನಿಂದ ನಾನು ಹಾಗೆ ಅಂದಾಗಲೆಲ್ಲ ಅವಳು ನೋಡಿದ್ದಾಳೆ. ಆ ದಿನವೂ ನೋಡಿದಳು.

ಬೈಕು ವೃತ್ತ ಬಿಟ್ಟು ನೇರ ನನ್ನ ಮೇಲೆ ಬಂತು. ಮುಂದಿನ ಚಕ್ರ ದಢಾರನೆ ನೆಲಕ್ಕೆ ಬಡಿಯಿತು. ಅವಳು ಬೈಕನ್ನು ಪಕ್ಕಕ್ಕೆ ಕೆಡವಿಕೊಂಡಳು. ಕಬ್ಬಿಣ ಸಿಮೆಂಟಿಗೆ ಉಜ್ಜಿದ ಸದ್ದು, ಕಿಡಿ, ಆಮೇಲೆ ಏನೂ ಇಲ್ಲ. ದಾರ ಕಿತ್ತು ಎಂಜಿನ್ ನಿಂತಿತ್ತು. ಬೈಕು ನನ್ನಿಂದ ಎರಡು ಮೊಳ ದೂರದಲ್ಲಿ ಮಲಗಿತ್ತು.

ಸೊಸೆ ಉರುಳಿದ್ದವಳು ಎದ್ದು ಕೂತಳು. ಅವಳ ಮೊದಲ ಮಾತು, “ಅತ್ತೆ, ನಿಮಗೇನೂ ಆಗ್ಲಿಲ್ಲ ತಾನೆ?”

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಆ ಮಾತು ಕೇಳಿ ಅಲ್ಲೇ ಕೂತು ಅತ್ತುಬಿಟ್ಟೆ.

ಆಸ್ಪತ್ರೆಯಲ್ಲಿ ಮಗನೇ ಅವಳ ಭುಜದ, ಮಣಿಕಟ್ಟಿನ ಎಕ್ಸ್‌ರೇ ತೆಗೆದ. ಡಾಕ್ಟರು ನೋಡಿ, ಮೂಳೆ ಮುರಿದಿಲ್ಲ, ಭುಜ ಉಳುಕಿದೆ ಅಷ್ಟೇ ಅಂದರು. ಅವರು ಹೋದ ಮೇಲೆ ಮಗ ಹೆಲ್ಮೆಟ್ ತಂದು ನನ್ನ ಮಡಿಲಲ್ಲಿಟ್ಟ. ಕಿವಿಯಿಂದ ಗದ್ದದ ತನಕ, ಬೆರಳಗಲ, ಆಳವಾಗಿ ತರಚಿಹೋಗಿತ್ತು.

“ಇದರ ಮೇಲೆ ಕೈ ಆಡಿಸಿ ನೋಡಮ್ಮ. ಇದು ಇಲ್ದಿದ್ರೆ ಈ ಗಾಯ ಎಲ್ಲಿರ್ತಿತ್ತು ಹೇಳು.”

ತರಚಿದ ಜಾಗದ ಮೇಲೆ ಬೆರಳಾಡಿಸಿದೆ. ಬೆಳಗ್ಗೆ ‘ಒಂದೇ ಒಂದು ನಿಮಿಷ ತೆಗಿಯೇ’ ಅಂದವಳು ನಾನೇ. ಅವಳು ಮಾತು ಕೇಳಿದ್ದರೆ?

“ಫೋಟೋ ಚೆನ್ನಾಗಿ ಬರ್ಲಿ ಅಂತ ಹೆಲ್ಮೆಟ್ ತೆಗೆದವರು ನನ್ನ ರೂಮಿಗೂ ಬರ್ತಾರಮ್ಮ” ಅಂದ ಮಗ. “ಬೀದೀಲಿ ಚಕ್ರ ಎತ್ತಿದವರು, ಹಿಂದೆ ಕೂತು ವಿಡಿಯೋ ತೆಗೆದವರು, ಪಕ್ಕದಲ್ಲಿ ನಿಂತು ಕೂಗಿದವರು. ಎಲ್ರಿಗೂ ನಾನು ‘ಅಲ್ಲಾಡಬೇಡಿ’ ಅಂತೀನಿ. ನನ್ನ ಫೋಟೋಗೆ ಯಾರೂ ನಗಲ್ಲ.”

ಸೊಸೆ ಮಂಚದಿಂದಲೇ, “ಸಾಕು ಬಿಡ್ರೀ, ಅತ್ತೇನ ಹೆದರಿಸಬೇಡಿ” ಅಂದಳು. ನನ್ನ ಕಡೆ ತಿರುಗಿ ನಕ್ಕಳು. “ಕಣ್ಣು ಹೋದ ಕಡೆ ಬೈಕು ಹೋಗುತ್ತೆ ಅಂದಿದ್ದೆ. ಈಗ ನಂಬಿದ್ರಾ?”

“ನಂಬಿದೆ ಕಣೇ. ಇನ್ನು ನಿನ್ನ ಗೆರೆ ದಾಟಲ್ಲ.”

ಮನೆಗೆ ಬಂದು ಕ್ಯಾಮೆರಾ ನೋಡಿದೆ. ಬೆರಳು ತನ್ನ ಅಭ್ಯಾಸದಂತೆ ಒತ್ತಿಬಿಟ್ಟಿತ್ತು. ಗಾಜಿನ ಹಿಂದೆ ಅವಳ ಎರಡೂ ಕಣ್ಣು, ನೇರ ನನ್ನನ್ನೇ ನೋಡುತ್ತಿವೆ. ರೆಪ್ಪೆಯ ಕೂದಲನ್ನೂ ಎಣಿಸಬಹುದು. ಅಷ್ಟು ಸ್ಪಷ್ಟವಾದ ಚಿತ್ರವನ್ನು ನಾನು ಜನ್ಮದಲ್ಲಿ ತೆಗೆದಿರಲಿಲ್ಲ. ನಾನು ಬೇಡಿದ್ದೇ ಸಿಕ್ಕಿತ್ತು. ಐದು ನಿಮಿಷವೂ ಅದನ್ನು ನೋಡಲಾಗದೆ ಅಳಿಸಿಹಾಕಿದೆ.

ಭುಜ ವಾಸಿಯಾಗಿ, ಡಾಕ್ಟರು ಒಪ್ಪಿದ ಮೇಲೆ ಅವಳು ಹೊಸ ಹೆಲ್ಮೆಟ್ ಕೊಂಡು ಮತ್ತೆ ಅಂಗಳಕ್ಕಿಳಿದಳು. ಒಂದು ಸಲ ಪೆಟ್ಟು ತಿಂದ ಹೆಲ್ಮೆಟ್ ಮತ್ತೆ ಹಾಕಬಾರದಂತೆ. ಈ ಸಲ ಮಗನೂ ಬಂದ. ನಾನು ಕೋನಿನ ಆಚೆ ನಿಂತೆ, ದೂರದ ಲೆನ್ಸ್ ಹಾಕಿಕೊಂಡು, ಬಾಯಿಗೆ ಬೀಗ ಹಾಕಿಕೊಂಡು. ಬೈಕು ಎದ್ದಿತು. ಅವಳು ತಾನು ಹೋಗಬೇಕಾದ ದಾರಿಯನ್ನೇ ನೋಡುತ್ತಾ ತಿರುಗಿದಳು. ಆ ನೋಟಕ್ಕಿಂತ ಚೆಂದದ್ದು ಯಾವ ಮುಖದಲ್ಲೂ ಕಂಡಿಲ್ಲ ಅನ್ನಿಸಿತು. ಮಗ ಉಸಿರು ಬಿಗಿಹಿಡಿದು ನಿಂತಿದ್ದವನು, ಚಕ್ರ ನೆಲಕ್ಕಿಳಿದ ಮೇಲೆ “ಅಮ್ಮಾ, ಇವಳು ನನ್ನ ಹೆಂಡ್ತೀನಾ?” ಅಂದ.

ಅದೇ ಫೋಟೋ ಪೋಸ್ಟರಾಯಿತು. ಒಂದನ್ನು ಸ್ಟುಡಿಯೋದಲ್ಲೂ ಹಾಕಿದ್ದೇನೆ. ಅದರ ಕೆಳಗೆ ಆ ತರಚಿದ ಹೆಲ್ಮೆಟ್.

ಟೈಲರಮ್ಮ ಬಂದು ನೋಡಿದಳು. “ಚೆನ್ನಾಗಿದೆ ಅಕ್ಕ. ಆದ್ರೆ ಸೊಸೆ ಕ್ಯಾಮೆರಾ ಕಡೆ ನೋಡ್ತಾನೇ ಇಲ್ವಲ್ಲ?”

“ನೋಡಬಾರದು ಕಣಮ್ಮ. ಒಂದು ಸಲ ನೋಡಿದ್ದಕ್ಕೆ ಏನಾಯ್ತು ಅಂತ ಆ ಹೆಲ್ಮೆಟ್ ಕೇಳು.”

ಇದನ್ನು ಓದುತ್ತಿರುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಬೈಕಿನ ಹುಚ್ಚು ನಿಮಗಿದ್ದರೆ ಕೈ ಕೊಡಿ, ನನಗೂ ಇದೆ. ಆದರೆ ಬೀದಿಯಲ್ಲಿ ಚಕ್ರ ಎತ್ತಬೇಡಿ. ಅದಕ್ಕೆ ಬೇರೆಯೇ ಅಂಗಳವಿದೆ, ಕಲಿಸುವವರಿದ್ದಾರೆ. ಓಡಿಸುವವರನ್ನು ಕೂಗಿ ಕರೆಯಬೇಡಿ, ಅವರು ಎಳೆದ ಗೆರೆ ದಾಟಬೇಡಿ. ಫೋಟೋ ನೆಪದಲ್ಲಿ ಯಾರ ತಲೆಯಿಂದಲೂ ಹೆಲ್ಮೆಟ್ ಇಳಿಸಬೇಡಿ.

ಹೊಸ ಬೈಕು ತಂದರೆ ಈಗಲೂ ನನ್ನ ಸ್ಟುಡಿಯೋ ಮುಂದೆ ನಿಲ್ಲಿಸಿ. ಖಂಡಿತ ತೆಗೆದುಕೊಡುತ್ತೇನೆ. ಹೇಳುವ ಮಾತು ಮಾತ್ರ ಬದಲಾಗಿದೆ: “ಗದ್ದದ ಪಟ್ಟಿ ಸ್ವಲ್ಪ ಬಿಗಿ. ದಾರಿ ನೋಡಿ. ರೆಡಿ.”