ನೋಡಿದಳು ಎನ್ನಲು ಒಂದು ಶಬ್ದ

"ಭವಾನಿ ಓವರ್‌ಲುಕ್ಡ್ ಇಟ್" ಎಂದು ಚಂದ್ರಾಮ ಹೇಳಿದ ಮೇಲೆ ಫೋನಿನ ಆ ಕಡೆ ಯಾರೂ ಮಾತಾಡಲಿಲ್ಲ.

ಮೇಜಿನ ನಡುವೆ ಸ್ಪೀಕರ್ ಫೋನಿನ ಹಸಿರು ದೀಪ ಉರಿಯುತ್ತಲೇ ಇತ್ತು. ಅಮೆರಿಕದಲ್ಲಿ ಯಾರೋ ಕುರ್ಚಿ ಸರಿಸಿದರು. ಆಮೇಲೆ ಒಂದು ಗಂಡು ದನಿ, ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದಿತು. ಲೈನು ಕಡಿಯಿತು.

ಪ್ರಾಮಾಣಿಕವಾಗಿ. ಇದರಲ್ಲಿ ಪ್ರಾಮಾಣಿಕತೆ ಎಲ್ಲಿಂದ ಬಂತು? ಚಂದ್ರಾಮ ಖಾಲಿ ಕೋಣೆಯಲ್ಲಿ ಕೂತೇ ಇದ್ದ. ಎಸಿ ಗಾಳಿ ನೇರ ಕತ್ತಿನ ಮೇಲೆ ಬೀಳುತ್ತಿತ್ತು. ಗಾಜಿನಾಚೆ, ಗಚ್ಚಿಬೌಲಿಯ ಬಂಡೆ ಒಡೆದು ಇನ್ನೊಂದು ಗಾಜಿನ ಕಟ್ಟಡ ಏಳಿಸುತ್ತಿದ್ದರು.

ಅವನು ಹೇಳಬೇಕೆಂದಿದ್ದು ಸರಳವಾಗಿತ್ತು. ಅಲ್ಲಿಯ ಒಂದು ಆಸ್ಪತ್ರೆಗೆ ಇವರು ಕಳಿಸಿದ ಪ್ರೋಗ್ರಾಮಿನಲ್ಲಿ ಔಷಧದ ತಾರೀಖುಗಳು ತಪ್ಪಾಗಿ ಬರುತ್ತಿದ್ದವು. ಕಳಿಸುವ ಮುಂಚೆ ಯಾರಾದರೂ ನೋಡಿದ್ದರೇ ಎಂದು ಅವರು ಕೇಳಿದರು. ಭವಾನಿ ನೋಡಿದ್ದಳು, ಮೊದಲಿಂದ ಕೊನೆಯವರೆಗೆ, ಅವನ ಪಕ್ಕದಲ್ಲೇ ಕೂತು. ತಪ್ಪು ಹೊಕ್ಕಿದ್ದು ಆಮೇಲೆ, ಅಲ್ಲಿಯವರೇ ಏನೋ ಬದಲಾಯಿಸಿದಾಗ. ಅದನ್ನೆಲ್ಲ ಹೇಳುವ ಮೊದಲು, ಅವಳು ಪೂರ್ತಿ ನೋಡಿದಳು ಎನ್ನಲು ಅವನಿಗೊಂದು ಒಳ್ಳೆಯ ಶಬ್ದ ಬೇಕಿತ್ತು. ಸಿಕ್ಕಿತು.

ಅವನು ಗಣಿತದ ಎಂ.ಎಸ್ಸಿ. ಹತ್ತನೆಯವರೆಗೆ ಭಾಲ್ಕಿಯ ಕನ್ನಡ ಶಾಲೆ. ಇಂಗ್ಲಿಷನ್ನೂ ಗಣಿತದಂತೆಯೇ ಕಲಿತವನು. ಓವರ್ ಮತ್ತು ಲುಕ್ ಕೂಡಿಸಿದರೆ ಮೇಲಿಂದ ಕೆಳಗಿನವರೆಗೆ ನೋಡುವುದು. ಕೂಡಿಸುವಾಗ ಯಾವುದು ಮೊದಲು ಬಂದರೇನು, ಮೊತ್ತ ಒಂದೇ.

ಆದರೂ ಆ ಮೌನ ಅವನ ಬೆನ್ನು ಹತ್ತಿತು.

ಕಂಪನಿ ಎಲ್ಲರ ಇಂಗ್ಲಿಷ್ ತಿದ್ದಲು ನೇಮಿಸಿದ್ದ ಟ್ರೇನರ್ ಶಾಮಲಾ ಕೆಳಗಿನ ಮಹಡಿಯಲ್ಲಿ ಬೋರ್ಡು ಒರೆಸುತ್ತಿದ್ದಳು. ರಾಯಚೂರಿನವಳು. ಆದರೆ ಆಫೀಸಿನೊಳಗೆ ಇಂಗ್ಲಿಷಿನ ಹೊರತು ಬೇರೆ ಭಾಷೆ ಆಡುತ್ತಿರಲಿಲ್ಲ.

"ಐ ಹ್ಯಾವ್ ಎ ಡೌಟ್, ಮೇಡಂ."

"ಕ್ವೆಶ್ಚನ್," ಎಂದಳು ಶಾಮಲಾ, ತಿರುಗದೆ. "ನಾಟ್ ಡೌಟ್."

ಅವನು ಕ್ವೆಶ್ಚನ್ ಕೇಳಿದ. ಅವಳು ಎರಡು ಶಬ್ದಗಳನ್ನು ಬೋರ್ಡಿನ ಮೇಲೆ ಒಂದರ ಕೆಳಗೆ ಒಂದು ಬರೆದಳು. ಲುಕ್ ಓವರ್ ಎಂದರೆ ಪರಿಶೀಲಿಸುವುದು. ಓವರ್‌ಲುಕ್ ಎಂದರೆ ಕಣ್ಣೆದುರಿಗಿದ್ದರೂ ನೋಡದೆ ಬಿಡುವುದು. ಹೋದ ತಿಂಗಳ ಕ್ಲಾಸಿನಲ್ಲೇ ಇದನ್ನು ಮಾಡಿಸಿದ್ದೆನಲ್ಲ ಎಂದಳು. ಎರಡಕ್ಕೂ ನೀವೇ ವಾಕ್ಯ ಹೇಳಿದ್ದಿರಿ, ಎರಡೂ ಸರಿಯಿದ್ದವು.

"ನಾನಾ?"

ಶಾಮಲಾ ಅವನ ಮುಖ ನೋಡಿದಳು. ಆಮೇಲೆ ದನಿ ತಗ್ಗಿಸಿ ಕನ್ನಡದಲ್ಲಿ ಕೇಳಿದಳು, "ಯಾಕ್ರಿ, ಯಾರಿಗರ ಹಂಗ ಅಂದೀರೇನು?"

"ಇಲ್ಲ. ಎಲ್ಲೋ ಓದಿದ್ದೆ."

ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದ. ಕಲಿತಿದ್ದ. ಮರೆತಿದ್ದ. ಮರೆತಿದ್ದನೆ? ಆ ಶಬ್ದ ಬಾಯಿಗೆ ಬಂದ ಗಳಿಗೆಯಲ್ಲಿ ಎದೆಯಲ್ಲಿ ಒಂದು ಸಣ್ಣ ಸುಖ ಹರಿದದ್ದು ಮಾತ್ರ ನೆನಪಿತ್ತು. ದೊಡ್ಡ ಶಬ್ದ ಸಿಕ್ಕ ಸುಖ ಎಂದುಕೊಂಡಿದ್ದ. ತಂಡವನ್ನು ನಡೆಸಲು ಹೊಸ ಲೀಡ್ ಬೇಕಿತ್ತು. ಹೆಸರುಗಳು ಎರಡು: ಅವನದು, ಭವಾನಿಯದು. ಅದನ್ನು ಈಗ ನೆನಪಿಸಿಕೊಂಡದ್ದಕ್ಕೆ ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಮಧ್ಯಾಹ್ನ ಮ್ಯಾನೇಜರ್ ಗೋಪಿನಾಥ ಕರೆದ. ಮೈಸೂರಿನವನು, ಮೆತ್ತಗೆ ಮಾತಾಡುವವನು. ಬೆಳಿಗ್ಗೆ ಬೇಗಂಪೇಟೆಯಲ್ಲಿ ಬೇರೆ ಮೀಟಿಂಗ್ ಇದ್ದದ್ದರಿಂದ ಫೋನಿನ ಹೊತ್ತಿಗೆ ಇರಲಿಲ್ಲ.

"ಅವರು ಮೇಲ್ ಹಾಕಿದಾರೆ. ಭವಾನಿಯವರು ನೋಡದೇ ಕಳಿಸಿಬಿಟ್ಟರು ಅಂತ ನೀವೇ ಹೇಳಿದ್ರಂತೆ. ಹೌದೇ?"

ಬಾಗಿಲು ತೆರೆದಿತ್ತು. ಹೊರಗೆ ಪ್ರಿಂಟರ್ ಹಾಳೆ ಉಗುಳುತ್ತಿತ್ತು. ಇಲ್ಲ ಸರ್, ನನಗೆ ಆ ಶಬ್ದದ ಅರ್ಥ ಗೊತ್ತಿರಲಿಲ್ಲ. ಹೇಳಬೇಕಿದ್ದದ್ದು ಇಷ್ಟೇ. ವಾಕ್ಯ ಕನ್ನಡದಲ್ಲೇ ಇತ್ತು, ಅದರಲ್ಲಿ ತಪ್ಪುವಂಥದ್ದು ಏನೂ ಇರಲಿಲ್ಲ.

"ಓವರ್‌ಲುಕ್ಡ್ ಅಂದೆ ಸರ್."

"ಒಳ್ಳೇ ಶಬ್ದ." ಗೋಪಿನಾಥ ನಕ್ಕ. "ಬೇರೆಯವರಾಗಿದ್ರೆ 'ಶೀ ಡಿಡ್ ಮಿಸ್ಟೇಕ್' ಅಂತಿದ್ರು. ಯಾರನ್ನೂ ಬೈಯದೇನೇ, ಇದ್ದದ್ದನ್ನ ಹೇಳಿದ್ದೀರಿ. ಲೀಡ್ ಆಗೋರಿಗೆ ಅದು ಬರಬೇಕು. ನಿಮ್ಮ ಇಂಗ್ಲಿಷ್ ಎಷ್ಟೋ ಸುಧಾರಿಸಿದೆ."

"ಥ್ಯಾಂಕ್ಯೂ ಸರ್," ಎಂದ ಚಂದ್ರಾಮ. ಹೇಳಿದ ಮೇಲೆ ತಾನು ಹೇಳಿದ್ದು ಅವನಿಗೇ ಕೇಳಿಸಿತು.

ತಿರುಗಿ ಬಂದಾಗ ಭವಾನಿ ಅವನ ಕುರ್ಚಿಯ ಪಕ್ಕ ನಿಂತಿದ್ದಳು. ಹುಮನಾಬಾದಿನವಳು. ಈ ಮಹಡಿಯಲ್ಲಿ ಅವನು ಊರಿನ ಮಾತು ಆಡುತ್ತಿದ್ದುದು ಅವಳೊಬ್ಬಳ ಜೊತೆ.

"ನನ್ನ ಬೆಂಚಿಗೆ ಹಾಕ್ಯಾರಂತ. ಈಗ ಮೇಲ್ ಬಂತು."

ಬೆಂಚು ಎಂದರೆ ಕೆಲಸ ಕೊಡದೆ ಕೂರಿಸುವುದು. ಕೂತವರು ಒಂದು ದಿನ ತಾವಾಗಿಯೇ ಬರುವುದು ನಿಲ್ಲಿಸುತ್ತಿದ್ದರು.

"ಹೌದಾ," ಎಂದ.

"ಮುಂಜಾನೆ ಫೋನಿನ್ಯಾಗ ನೀವ ಇದ್ರಿ ಅಲ್ರಿ. ನನ್ನ ಹೆಸರು ಯಾರು ತೆಗದ್ರು?"

"ಭಾಳ ಹೆಸರು ಬಂದ್ವು."

"ನಾ ನೋಡಿ ಕಳಿಸೀನ್ರಿ. ನಿಮ್ಮ ಬಾಜೂಕ ಕುಂತು ನೋಡೀನಿ. ನಿಮಗ ಗೊತ್ತೈತಿ."

"ಗೊತ್ತೈತಿ."

"ಹಂಗಾರ ಒಂದು ಸಾಲು ಬರೀರಿ ಅವರಿಗೆ. ಭವಾನಿ ನೋಡ್ಯಾಳ ಅಂತ. ಅಷ್ಟ ಸಾಕು ನನಗ."

"ಬರೀತೀನಿ."

ಅವಳು ನಂಬಿದಳು. ಹೋಗುವಾಗ ಅವನ ಮೇಜಿನ ಮೇಲೆ ಓರೆಯಾಗಿದ್ದ ಕೀಬೋರ್ಡನ್ನು ನೇರ ಮಾಡಿಟ್ಟು ಹೋದಳು, ಯಾವಾಗಲೂ ಮಾಡುವಂತೆ.

ಅವನು ಬರೆಯಲು ಕೂತ. ಭವಾನಿ ಲುಕ್ಡ್ ಓವರ್. ಅಳಿಸಿದ. ಲುಕ್ಡ್ ಇನ್‌ಟು? ಲುಕ್ಡ್ ಥ್ರೂ? ಒಂದೊಂದರ ಹಿಂದೆಯೂ ಇನ್ನೊಂದು ಅರ್ಥ ಅವಿತಂತೆ ಕಂಡಿತು. ವೆಂಟ್ ಓವರ್. ಸಾ ಟು. ವರ್ಷಗಟ್ಟಲೆ ಓಡಾಡಿದ ಮನೆಯಲ್ಲೇ ಕತ್ತಲಲ್ಲಿ ಬಾಗಿಲು ತಡವುವಂತೆ ತಡವಿದ. ಕೊನೆಗೆ ಐದನೇ ಇಯತ್ತೆಯಲ್ಲಿ ಕಲಿತದ್ದನ್ನೇ ಬರೆದ. ಭವಾನಿ ಚೆಕ್ಡ್ ಇಟ್. ಮೂರು ಶಬ್ದ. ಒಂದೂ ತಪ್ಪಿರಲಿಲ್ಲ.

ಇದನ್ನು ಕಳಿಸಿದರೆ ಬೆಳಿಗ್ಗೆ ಹೇಳಿದ್ದೇನು ಎಂದು ಕೇಳುತ್ತಾರೆ. ಸುಳ್ಳು ಹೇಳಿದೆ ಎನ್ನಬೇಕು, ಇಲ್ಲವೇ ಇಂಗ್ಲಿಷ್ ಬರುವುದಿಲ್ಲ ಎನ್ನಬೇಕು. ಎರಡರಲ್ಲಿ ಯಾವುದನ್ನು ಹೇಳುವುದು ಸುಲಭ ಎಂದು ಯೋಚಿಸಿದ. ಸುಳ್ಳು ಹೇಳಿದೆ ಎನ್ನುವುದೇ ಸುಲಭ ಅನ್ನಿಸಿದಾಗ ಅವನಿಗೆ ಭಯವಾಯಿತು.

ಕಳಿಸಲಿಲ್ಲ. ಅಳಿಸಲೂ ಇಲ್ಲ. ಪರದೆ ತಾನಾಗಿಯೇ ಕಪ್ಪಾಗುವವರೆಗೆ ನೋಡುತ್ತ ಕೂತ. ಭವಾನಿಯ ಜಾಗದ ಕಡೆ ತಿರುಗದೆಯೇ, ಅವಳು ಡ್ರಾಯರ್ ಖಾಲಿ ಮಾಡುತ್ತಿರುವುದು ಕೇಳಿಸಿತು. ಹೊರಡುವ ಮುಂಚೆ ಅವಳು ದೂರದಿಂದಲೇ ಕೇಳಿದಳು, "ಬರದ್ರೇನು?"

"ಹೂಂ," ಎಂದ.

ಸಂಜೆ ಕಂಪನಿಯ ಬಸ್ಸು ಅವನನ್ನು ಅಮೀರ್‌ಪೇಟ್‌ನಲ್ಲಿ ಇಳಿಸಿತು. ಫುಟ್‌ಪಾತ್ ತುಂಬ ಜಾವಾ, ಒರಾಕಲ್ ಕ್ಲಾಸುಗಳ ಕರಪತ್ರ ಹಂಚುವವರು. ಅವನ ರೂಮಿಗೆ ಹೋಗುವ ಗಲ್ಲಿಯ ಬಾಯಲ್ಲಿ, ಎರಡನೇ ಮಹಡಿಯ ತೆರೆದ ಕಿಟಕಿಗಳಾಚೆ, ಸ್ಪೋಕನ್ ಇಂಗ್ಲಿಷ್ ಕ್ಲಾಸು ನಡೆದಿತ್ತು. ಮೇಷ್ಟರು ಹೇಳುತ್ತಿದ್ದರು, ತುಂಬಿದ ಕೋಣೆ ತಿರುಗಿ ಹೇಳುತ್ತಿತ್ತು.

"ಐ ಸೀ. ಐ ಸಾ. ಐ ಹ್ಯಾವ್ ಸೀನ್."

ಕರೆಂಟು ಹೋಯಿತು. ಇಡೀ ಗಲ್ಲಿ ಒಮ್ಮೆಲೇ ಅಳಿಸಿಹೋಯಿತು. ಮೇಷ್ಟರ ದನಿ ನಿಂತಿತು. ಉಳಿದವರದು ನಿಲ್ಲಲಿಲ್ಲ. ಹೇಳಿಕೊಡುವವರಿಲ್ಲದೆ, ಒಬ್ಬರಿಗೊಬ್ಬರು ಕಾಣದೆ, ಅಷ್ಟೂ ಗಂಟಲುಗಳು ಅದೇ ಲಯದಲ್ಲಿ ಮುಂದುವರಿದವು.

ಜೇಬಿನಲ್ಲಿ ಫೋನು ನಡುಗಿತು. ತೆಗೆದು ನೋಡಿದ. ಭವಾನಿಯ ಹೆಸರು ಅವನ ಅಂಗೈಯನ್ನು ಬೆಳಗಿತು, ಆರಿತು, ಮತ್ತೆ ಬೆಳಗಿತು. ಅವನು ಅಲ್ಲೇ ನಿಂತಿದ್ದ. ತುಟಿಗಳು ಅಲುಗುತ್ತಿರುವುದು ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು. ಮೇಲಿನ ಕತ್ತಲು ಹೇಳುತ್ತಿತ್ತು, ಅವನು ಕೆಳಗಿನ ಕತ್ತಲಲ್ಲಿ ಹೇಳುತ್ತಿದ್ದ.

"ಐ ಸಾ. ಯೂ ಸಾ. ಹೀ ಸಾ."