ಹೌದು ಅಂದ ಮೇಲೆ

ತಣ್ಣಗಿದೆ ಕತ್ತರಿ, ಕಿವಿಯ ಹಿಂದೆ ತಾಗಿದಾಗೆಲ್ಲ ಭುಜ ತಾನಾಗಿ ಮೇಲೇರುತ್ತದೆ, ಅಲುಗಾಡಬೇಡ ಅಂತ ಗದರಬೇಕಿತ್ತು ಅಮ್ಮ, ಗದರಲಿಲ್ಲ, ಎರಡು ಬೆರಳಿಂದ ಭುಜವನ್ನು ಕೆಳಕ್ಕೆ ಒತ್ತಿದಳು ಅಷ್ಟೆ, ಗಿರಾಕಿಗಳ ಜೊತೆಯಾದರೆ ಬಾಯಿಗೆ ಬಿಡುವೇ ಇಲ್ಲ, ಅವರ ಅತ್ತೆ ನಾದಿನಿಯರ ಪುರಾಣವೆಲ್ಲ ಇವಳ ನಾಲಿಗೆಯ ತುದಿಯಲ್ಲಿ, ಯಾರ ತಲೆಯಲ್ಲಿ ಹೊಟ್ಟು, ಯಾರ ಮನೆಯಲ್ಲಿ ಜಗಳ, ಎರಡಕ್ಕೂ ಇವಳ ಹತ್ತಿರ ಮದ್ದು — ಮನೆಯ ಮುಂದಿನ ಕೋಣೆಯೇ ಅಮ್ಮನ ಪಾರ್ಲರ್, ಗೋಡೆಯುದ್ದದ ಕನ್ನಡಿ, ಎರಡು ಕುರ್ಚಿ, ಶನಿವಾರ ಮಧ್ಯಾಹ್ನ ಅಂದರೆ ಕಾಯುವವರು ಮೆಟ್ಟಿಲ ಮೇಲೂ ಕೂತಿರುತ್ತಿದ್ದರು, ಇವತ್ತು ಶನಿವಾರವೇ, ಪಕ್ಕದ ಕುರ್ಚಿಯಲ್ಲಿ ಬಿಸಿಲು ಕೂತಿದೆ, ಯಾರೂ ಬಂದಿಲ್ಲ, ಯಾಕೆ ಬಂದಿಲ್ಲ ಅಂತ ಅವಳಿಗೂ ಗೊತ್ತು ನನಗೂ ಗೊತ್ತು. ಕೂದಲು ಪೂರ್ತಿ ಗಿಡ್ಡ ಮಾಡಿಬಿಡು ಅಂದೆ, ಇಷ್ಟು ವರ್ಷ ಗೋಗರೆದರೂ ನಾನು ಸತ್ತಮೇಲೆ ಬೇಕಾದ್ದು ಮಾಡ್ಕೋ ಅನ್ನುತ್ತಿದ್ದವಳು ಕೂತ್ಕೋ ಅಂದಳು, ಬಟ್ಟೆ ಕೊಡವಿ ನನ್ನ ಕೊರಳಿಗೆ ಕಟ್ಟಿದಳು, ಬೇಕರಿಯವನು ಬಂದು ಹೋದಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು, ಕೂತ್ಕೋ, ಅಲ್ಲಿಯವರೆಗೆ ಊಟಕ್ಕೆ ಬಾ ಅನ್ನುವ ಬದಲು ತಟ್ಟೆಯನ್ನು ಸದ್ದು ಮಾಡಿ ಇಡುತ್ತಿದ್ದಳು.

ಬೇಕರಿಯವನ ಮಗಳು ನನ್ನ ತರಗತಿಯವಳು, ಗುಬ್ಬಿ ಅಂತ ಕರೆದವಳು ನಾನು, ಪುಟ್ಟಗಿದ್ದಳು, ಒಂದು ಕಡೆ ಕೂತವಳಲ್ಲ, ಪರೀಕ್ಷೆಗೆ ಒಟ್ಟಿಗೆ ಓದೋಣ ಬಾರೇ ಅಂತ ಬೇಕರಿಯ ಹಿಂದಿನ ಕೋಣೆಗೆ ಕರೆದೊಯ್ದಳು, ಮೈದಾ ಮೂಟೆಗಳ ನಡುವೆ ಒಂದು ಚಾಪೆ, ಆಚೆ ಬದಿ ಒಲೆ ಇರುವುದರಿಂದ ಗೋಡೆ ಸದಾ ಬೆಚ್ಚಗೆ, ಇಬ್ಬರೂ ಅದಕ್ಕೆ ಬೆನ್ನು ಕೊಟ್ಟು ಕೂತಿದ್ದೇವೆ, ನಮ್ಮಪ್ಪ ನನ್ನ ತಟ್ಟಿ ಮಲಗಿಸಿದ್ದಕ್ಕಿಂತ ಹಿಟ್ಟನ್ನ ತಟ್ಟಿ ಮಲಗಿಸಿದ್ದೇ ಜಾಸ್ತಿ ಕಣೇ ಅನ್ನುತ್ತಾಳೆ, ನಾನು ನಗುತ್ತೇನೆ, ನಗುವ ನನ್ನನ್ನೇ ನೋಡುತ್ತ ಅವಳು ಸುಮ್ಮನಾಗುತ್ತಾಳೆ, ಸುಮ್ಮನಾದ ಗುಬ್ಬಿಯನ್ನು ನಾನು ಅದೇ ಮೊದಲು ನೋಡಿದ್ದು — ಗೆಳತಿಯರೆಲ್ಲ ಹುಡುಗರ ಸುದ್ದಿ ಎತ್ತಿದಾಗ ನಾನೂ ಯಾವನೋ ಒಬ್ಬನ ಹೆಸರು ಹೇಳಿ ನಾಚಿಕೊಂಡ ಹಾಗೆ ಮಾಡುತ್ತಿದ್ದೆ, ಆ ಪುಳಕವನ್ನು ಎಲ್ಲರಿಗೂ ಹಂಚುವಾಗ ನನಗೊಬ್ಬಳಿಗೆ ಕೊಡುವುದನ್ನು ಮರೆತಿದ್ದಾರೆ ಅಂದುಕೊಂಡಿದ್ದೆ, ಮರೆತಿರಲಿಲ್ಲ, ಅವಳ ಬೆರಳು ನನ್ನ ಜಡೆ ಬಿಚ್ಚಿ ಮತ್ತೆ ಹೆಣೆಯುವಾಗ ಗೊತ್ತಾಯಿತು, ಎದೆ ಹೀಗೂ ಹೊಡೆದುಕೊಳ್ಳುತ್ತದೆ ಅಂತ, ನಿನಗೂ ಹೀಗೇನಾ ಅಂದೆ, ಹೂಂ ಅಂದಳು, ಯಾವಾಗಿಂದ, ಸುಮ್ನಿರು, ಯಾರಿಗೂ ಹೇಳಬೇಡ, ನಮ್ಮಪ್ಪನಿಗೆ ಗೊತ್ತಾದರೆ ಮುಗೀತು ನನ್ನ ಕಥೆ, ಹೇಳಲ್ಲ ಅಂದೆ, ಹೇಳಲೂ ಇಲ್ಲ, ಪರೀಕ್ಷೆ ಮುಗಿದ ಮೇಲೂ ಓದುತ್ತಲೇ ಇದ್ದೆವು, ಅದೇ ತಪ್ಪಾಯಿತೇನೋ, ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು, ನಾನು ಅವಳ ಹಣೆಗೆ ಮುತ್ತಿಟ್ಟೆ, ತಲೆ ಎತ್ತಿದರೆ ಬಾಗಿಲಲ್ಲಿ ಅವಳಪ್ಪ, ಕೈಯಲ್ಲಿ ಖಾಲಿ ತಟ್ಟೆ.

ಅವನು ಕೂಗಾಡಲಿಲ್ಲ, ಕೂಗಾಡಿದ್ದರೆ ವಾಸಿಯಿತ್ತು, ಮಗಳ ರಟ್ಟೆ ಹಿಡಿದುಕೊಂಡು ನೇರ ಇಲ್ಲಿಗೇ ಬಂದ, ಈ ಕುರ್ಚಿಯಲ್ಲಿ ನಮ್ಮ ಶಾಲೆಯ ಹಳೇ ಟೀಚರಮ್ಮ ತಲೆಗೆ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದರು, ನಾನು ಅವನ ಹಿಂದೆಯೇ ಓಡಿ ಬಂದಿದ್ದೆ, ನಿಮ್ಮ ಮಗಳು ಎಂಥವಳು ಅಂತ ಕೇಳಿ ನೋಡಿ ಅಂದ ಅಮ್ಮನಿಗೆ, ನನ್ನ ಮಗಳ ತಲೆ ಕೆಡಿಸ್ತಿದ್ದಾಳೆ, ಅಮ್ಮ ಬ್ರಶ್ ಹಿಡಿದ ಕೈಯನ್ನು ಹಾಗೇ ಮೇಲೆ ಇಟ್ಟುಕೊಂಡು ಗುಬ್ಬಿಯ ಮುಖ ನೋಡಿದಳು, ಗುಬ್ಬಿ ನೆಲ ನೋಡುತ್ತ ನನಗೇನೂ ಗೊತ್ತಿಲ್ಲ ಆಂಟಿ, ನಾನು ಮಲಗಿದ್ದೆ, ಎಲ್ಲ ಅವಳೇ ಅಂದಳು, ಅಮ್ಮ ನನ್ನತ್ತ ತಿರುಗಿದಳು, ನಿಜಾನಾ. ಹೌದು ಅಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ, ನನಗೆ ಹುಡುಗೀರೇ ಇಷ್ಟ ಆಗೋದಮ್ಮ, ಇವಳೂ ಇಷ್ಟ ಅಂದೆ, ಕಪ್ಪು ಬಣ್ಣ ಟೀಚರಮ್ಮನ ಹಣೆಯ ಮೇಲೆ ಇಳಿಯುತ್ತಿತ್ತು, ಯಾರೂ ಒರೆಸಲಿಲ್ಲ. ಗುಬ್ಬಿಯನ್ನು ಸೋದರಮಾವನ ಮನೆಗೆ ಕಳಿಸಿದರಂತೆ, ಕಾಲೇಜೂ ಅಲ್ಲೇ ಅಂತೆ, ಫೋನು ಸತ್ತುಹೋಗಿದೆ, ಅವಳ ಮೇಲೆ ಸಿಟ್ಟು ತಂದುಕೊಳ್ಳಲು ನೋಡುತ್ತೇನೆ, ಬರುವುದಿಲ್ಲ, ಅವಳಪ್ಪನ ಬೆರಳಿನ ಕೆಳಗೆ ಅವಳ ರಟ್ಟೆ ಬಿಳಿಚಿದ್ದು ನಾನು ನೋಡಿದ್ದೇನೆ, ನನ್ನ ರಟ್ಟೆಯನ್ನು ಯಾರೂ ಹಿಡಿದಿರಲಿಲ್ಲ, ಹೌದು ಅನ್ನುವುದು ನನಗೆ ಸುಲಭವಿತ್ತು, ಸುಲಭವೇನೂ ಇರಲಿಲ್ಲ, ಆದರೂ.

ಜಡೆಯಷ್ಟುದ್ದ ಕೂದಲು ಮಡಿಲಿಂದ ಜಾರಿ ನೆಲಕ್ಕೆ ಬಿತ್ತು, ಗುಬ್ಬಿ ಹೆಣೆದ ಕೂದಲು, ಕನ್ನಡಿಯೊಳಗೆ ಯಾವಳೋ ಬೇರೆ ಹುಡುಗಿ, ಕಿವಿ ಇಷ್ಟು ದೊಡ್ಡವಾ ನನ್ನವು, ಅಪ್ಪನ ಕಿವಿ — ಅವಳು ಇಲ್ಲ ಅಂದಳಲ್ಲ, ಅಮ್ಮನ ದನಿ, ಕತ್ತರಿ ನಿಂತಿದೆ, ನೀನೂ ಇಲ್ಲ ಅನ್ನಬಹುದಿತ್ತು. ಸುಳ್ಳು ಹೇಳಬೇಕಿತ್ತಾ ಅಮ್ಮ. ಹೇಳಬೇಕಿತ್ತು, ನಾನು ನಂಬ್ತಿದ್ದೆ. ಕನ್ನಡಿಯಲ್ಲಿ ಅವಳ ಕಣ್ಣು ನನ್ನ ಮೇಲೇ ಇದೆ, ಕಾಯುತ್ತಿದೆ, ಈಗಲೂ ಹೇಳಬಹುದು ಅನ್ನುತ್ತಿದೆ, ಹೇಳಿಬಿಡಲಾ, ಏನೋ ಹುಡುಗಾಟ, ಇನ್ನು ಮೇಲೆ ಇಲ್ಲ ಅಂತ, ಪಕ್ಕದ ಕುರ್ಚಿ ತುಂಬುತ್ತದೆ, ಅಮ್ಮ ಮತ್ತೆ ಅವರಿವರ ಪುರಾಣ ಹೇಳುತ್ತಾಳೆ, ಬಾಯಿ ತೆರೆಯುತ್ತೇನೆ, ಆಗಲ್ಲ ಅಮ್ಮ ಅನ್ನುತ್ತೇನೆ, ಅದು ನಿಜ, ಆಗಲ್ಲ. ಅವಳು ತಲೆಯಾಡಿಸುತ್ತಾಳೆ, ಇನ್ನೂ ಸ್ವಲ್ಪ ಗಿಡ್ಡ ಮಾಡಿ ಅಂತ ಗಿರಾಕಿ ಹೇಳಿದಾಗ ಆಡಿಸುವ ಹಾಗೆ. ನಿಮ್ಮಪ್ಪ ಲಾರಿ ತಗೊಂಡು ವಾಪಸು ಬರಲಿ, ಬೇರೆಯವರ ಬಾಯಿಂದ ಕೇಳೋದು ಬೇಡ, ನಾನೇ ಹೇಳ್ತೀನಿ, ನೀನು ಆಗ ಮನೇಲಿ ಇರಬೇಡ. ಯಾಕಮ್ಮ. ಇರಬೇಡ ಅಂದೆನಲ್ಲ, ಮೊದಲು ನಂಗೆ ಬೈದು ಮುಗಿಸಲಿ. ತಲೆ ಬಗ್ಗಿಸು ಅನ್ನುತ್ತಾಳೆ, ಬಗ್ಗಿಸುತ್ತೇನೆ, ಬರಿಯ ಕುತ್ತಿಗೆಗೆ ಗಾಳಿ ತಾಗುತ್ತದೆ, ಗಿರಾಕಿಗಳಿಗಾದರೆ ಬ್ರಶ್ ಇದೆ, ಅದು ಮೇಜಿನ ಮೇಲೇ ಇದೆ, ಅವಳು ತೆಗೆದುಕೊಳ್ಳುವುದಿಲ್ಲ, ಬಗ್ಗಿ ಬಾಯಿಂದ ಊದುತ್ತಾಳೆ, ಬೆಚ್ಚಗಿನ ಉಸಿರು, ಪುಡಿಗೂದಲು ಹಾರುತ್ತದೆ, ಮತ್ತೆ ಊದುತ್ತಾಳೆ, ಉಸಿರು ನಡುವೆ ತುಂಡಾಗುತ್ತದೆ, ಅಲ್ಲಿ ಇನ್ನೇನೂ ಉಳಿದಿಲ್ಲ, ನನಗೆ ಗೊತ್ತು, ಒಂದು ಕೂದಲೂ ಉಳಿದಿಲ್ಲ, ತಲೆ ಎತ್ತುವುದಿಲ್ಲ ನಾನು, ಅವಳು ಊದುತ್ತಾಳೆ, ಮತ್ತೆ ಊದುತ್ತಾಳೆ