ಉಳಿಸಲಿಕ್ಕೆಂದು ಉರಿಸಿದ ಕರೆಂಟು

ಮಧುಗಿರಿಯ ಉಣ್ಣೆ ಅಭಿವೃದ್ಧಿ ಕಚೇರಿಯ ಮ್ಯಾನೇಜರ್ ಬಸವಲಿಂಗಯ್ಯನವರಿಗೆ ದೇವರಲ್ಲಿ ಭಕ್ತಿಯಿತ್ತು, ಮೇಲಧಿಕಾರಿಗಳಲ್ಲಿ ಇನ್ನೂ ಹೆಚ್ಚಿನ ಭಕ್ತಿಯಿತ್ತು, ಪಾವಗಡವೆಂದರೆ ಮಾತ್ರ ಭಯವಿತ್ತು. ಪಾವಗಡ ಅವರಿಗೇನೂ ಕೆಟ್ಟದ್ದು ಮಾಡಿರಲಿಲ್ಲ. ಆ ಊರನ್ನು ಅವರು ಕಣ್ಣಾರೆ ಕಂಡೂ ಇರಲಿಲ್ಲ. ಆದರೆ ಅವರ ಇಲಾಖೆಯಲ್ಲಿ ಯಾರಿಗೆ ಯಾರ ಮೇಲೆ ಸಿಟ್ಟು ಬಂದರೂ ಸಿಟ್ಟು ಬರಿಸಿದವನು ಟ್ರಂಕು ಹಾಸಿಗೆ ಸಮೇತ ಹೋಗಿ ಇಳಿಯುತ್ತಿದ್ದದ್ದು ಪಾವಗಡದ ಬಸ್‌ಸ್ಟ್ಯಾಂಡಿನಲ್ಲಿ. ಹಾಗಾಗಿ ಮೇಲಿನವರ ಕಣ್ಣಿಗೆ ಒಳ್ಳೆಯವರಾಗಿ ಕಾಣುವುದನ್ನೇ ಬಸವಲಿಂಗಯ್ಯನವರು ತಮ್ಮ ಮುಖ್ಯ ಕೆಲಸ ಮಾಡಿಕೊಂಡಿದ್ದರು. ಉಣ್ಣೆಯ ಅಭಿವೃದ್ಧಿ ಕುರಿಗಳ ಪಾಡಿಗೆ ನಡೆಯುತ್ತಿತ್ತು.

ಎಂಬತ್ನಾಲ್ಕರ ಬೇಸಿಗೆಗೆ ಮುಂಚೆ ಕರೆಂಟ್ ಆಫೀಸಿನಿಂದ ಒಂದು ಸುತ್ತೋಲೆ ಬಂತು. ಸರ್ಕಾರಿ ಕಟ್ಟಡಗಳಲ್ಲಿ ವಿದ್ಯುತ್ ಮಿತವ್ಯಯಕ್ಕೆ ಪ್ರೋತ್ಸಾಹ ಕೊಡುತ್ತಾರಂತೆ. ಯಾವ ಕಚೇರಿ ಎಲ್ಲಕ್ಕಿಂತ ಹೆಚ್ಚು ಕರೆಂಟು ಉಳಿಸುತ್ತದೋ ಆ ಕಚೇರಿಗೆ ಅವರದೇ ಖರ್ಚಿನಲ್ಲಿ ಟ್ಯೂಬ್‌ಲೈಟು, ಹೊಸ ಫ್ಯಾನು, ಬಿಲ್ಲಿನಲ್ಲಿ ರಿಯಾಯಿತಿ. ಅಧಿಕಾರಿಗೆ ಶಾಲು, ಹಾರ, ಪ್ರಶಸ್ತಿಪತ್ರ. ಪ್ರಶಸ್ತಿಪತ್ರದ ನಕಲು ಜಿಲ್ಲಾ ಕಚೇರಿಗೂ ಹೋಗುತ್ತದೆ ಎಂಬ ಕೊನೆಯ ಸಾಲನ್ನು ಬಸವಲಿಂಗಯ್ಯನವರು ಮತ್ತೆ ಮತ್ತೆ ಓದಿಕೊಂಡರು.

ಯೋಜನೆ ವಿವರಿಸಲು ಕರೆಂಟ್ ಆಫೀಸಿನ ಇಂಜಿನಿಯರು ಮರುಳಸಿದ್ದಯ್ಯ ತಾವೇ ಬಂದರು.

"ಮಾರ್ಚಿಂದ ಮೇವರೆಗೆ ನೀವೆಷ್ಟು ಉರಿಸ್ತೀರೋ ಅದನ್ನ ಬರ್ಕೋತೀವಿ ಸಾರ್. ಜೂನಿಂದ ಆಗಸ್ಟ್‌ವರೆಗೆ ಎಷ್ಟು ಕಮ್ಮಿ ಮಾಡಿದ್ರಿ ಅಂತ ನೋಡ್ತೀವಿ. ಜಾಸ್ತಿ ಯಾರು ಕಮ್ಮಿ ಮಾಡಿದ್ರೋ ಅವ್ರಿಗೆ ಬಹುಮಾನ."

ಟೈಪಿಸ್ಟ್ ಗಂಗಲಕ್ಷ್ಮಮ್ಮ ಟೈಪು ನಿಲ್ಲಿಸಿ ಹೇಳಿದಳು. "ಅಂಗಾದ್ರೆ ಕೊರಟಗೆರೆ ಆಫೀಸಿಗೇ ಬಂತು ಬಿಡಿ ಸಾರ್. ಅವ್ರು ಮೊದ್ಲಿಂದ್ಲೂ ಹಗಲೊತ್ತು ಒಂದ್ ಬಲ್ಬೂ ಹಾಕಲ್ಲ."

"ಅವರಿಗೆಲ್ಲಿ ಬರುತ್ತಮ್ಮ? ಮೊದ್ಲೇ ಉಳಿಸ್ಬಿಟ್ಟಿದ್ದಾರೆ. ಇನ್ನು ಉಳಿಸೋಕೆ ಅವರ ಹತ್ರ ಏನು ಉಳಿದಿದೆ?" ಎಂದರು ಮರುಳಸಿದ್ದಯ್ಯ, ಕೊರಟಗೆರೆಯವರ ದುಡುಕಿಗೆ ಮರುಗುತ್ತ.

ಬಸವಲಿಂಗಯ್ಯನವರ ಮುಖದಲ್ಲಿ ನಿಧಾನವಾಗಿ ಒಂದು ಕಳೆ ಮೂಡಿತು. ಇಂಜಿನಿಯರನ್ನು ಕಾಫಿ ಕುಡಿಸಿ ಕಳಿಸಿದ ಮೇಲೆ ಸಿಬ್ಬಂದಿಯನ್ನೆಲ್ಲ ಕರೆದು ನಿಲ್ಲಿಸಿಕೊಂಡರು.

"ನೋಡ್ರಪ್ಪ, ದೇಶಕ್ಕೆ ಕರೆಂಟು ಉಳಿಸಬೇಕು. ಆದ್ದರಿಂದ ನಾಳೆಯಿಂದ ಯಾರೂ ಯಾವ ಸ್ವಿಚ್ಚನ್ನೂ ಆರಿಸಕೂಡದು."

ಜವಾನ ಸಣ್ಣರಂಗಯ್ಯ ಹುಲಿಕುಂಟೆ ಕಡೆಯವನು. ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎನ್ನುವ ಕೆಟ್ಟ ಅಭ್ಯಾಸ ಅವನಿಗಿತ್ತು. "ಉಳ್ಸೋಕೆ ಉರಿಸ್ಬೇಕಾ ಸ್ವಾಮಿ? ಅದೆಂಗೆ?"

"ಲೇ, ಹೊಟ್ಟೆ ಇದ್ದೋನಿಗಲ್ವೇನ್ಲಾ ಕರಗಿಸೋಕಾಗೋದು? ಮೊದ್ಲು ಹೊಟ್ಟೆ ಬೆಳೆಸ್ಕೊಬೇಕು. ಹೋಗು, ಎಲ್ಲಾ ಫ್ಯಾನೂ ಹಾಕು."

ಹೀಗೆ ಕಚೇರಿ ಹೊಟ್ಟೆ ಬೆಳೆಸಿಕೊಳ್ಳತೊಡಗಿತು. ಫ್ಯಾನುಗಳು ಜನ ಇರುವ ಕೋಣೆಯಲ್ಲೂ ತಿರುಗಿದವು, ಬರೀ ಕಡತಗಳಿರುವ ಕೋಣೆಯಲ್ಲೂ ತಿರುಗಿದವು. ಅದೂ ಸಾಲದೆಂದು ಬಸವಲಿಂಗಯ್ಯನವರು ಮನೆಯಿಂದ ಇಸ್ತ್ರಿಪೆಟ್ಟಿಗೆ, ಕರೆಂಟ್ ಒಲೆ, ನೀರು ಕಾಯಿಸುವ ಕಾಯಿಲ್ಲು ತರಿಸಿದರು. ಅವರ ಹೆಂಡತಿ ಸಿದ್ದಗಂಗಮ್ಮ ಮನೆಯ ಬಿಲ್ಲು ಇಳಿಯಿತೆಂಬ ಖುಷಿಯಲ್ಲಿ ರುಬ್ಬುವ ಯಂತ್ರವನ್ನೂ ಕಳಿಸಿಕೊಟ್ಟರು. ಮೇ ತಿಂಗಳು, ಬೆಟ್ಟದ ಬಂಡೆ ಕಾದ ಹೆಂಚಿನ ಹಾಗೆ ಊರಿನ ಮೇಲೆ ಉಸಿರು ಬಿಡುತ್ತಿತ್ತು; ಅಂಥದ್ದರಲ್ಲಿ ಸಿಬ್ಬಂದಿಯೆಲ್ಲ ಕಚೇರಿಯ ಬಚ್ಚಲಲ್ಲಿ ಸರದಿಯ ಮೇಲೆ ಬಿಸಿನೀರು ಸ್ನಾನ ಮಾಡಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಮತ್ತೆ ಬೆವರುತ್ತಿದ್ದರು. ಕಂಬಳಿ ಸಾಲಕ್ಕೆ ಅರ್ಜಿ ಹಿಡಿದು ಬಂದವರು ದೋಸೆಹಿಟ್ಟು ರುಬ್ಬಿ ಆಗುವ ತನಕ ಜಗಲಿಯಲ್ಲಿ ಕಾಯುತ್ತಿದ್ದರು.

ಒಂದೇ ತೊಂದರೆಯೆಂದರೆ ಕರೆಂಟು ಪದೇ ಪದೇ ಹೋಗುತ್ತಿತ್ತು. ಬಸವಲಿಂಗಯ್ಯನವರು ಕರೆಂಟ್ ಆಫೀಸಿಗೇ ಹೋಗಿ ಗೋಗರೆದರು.

"ಹಿಂಗೆ ಹಗಲೆಲ್ಲ ತೆಗೆದ್ರೆ ನಿಮ್ಮ ಉಳಿತಾಯದ ಗತಿ ಏನ್ ಸ್ವಾಮಿ?"

ಮರುಳಸಿದ್ದಯ್ಯನವರಿಗೆ ವಿಷಯ ತಿಳಿಯದೆ ಏನಿರಲಿಲ್ಲ. ಆದರೆ ಮಧುಗಿರಿಯಲ್ಲಿ ಯೋಜನೆ ಗೆದ್ದರೆ ಅವರಿಗೂ ಒಂದು ಪ್ರಶಸ್ತಿಪತ್ರವಿತ್ತು. "ನಿಮ್ಮ ಲೈನೊಂದು ಬಿಟ್ಟು ಬೇರೆ ಕಡೆ ತೆಗೆಸ್ತೀನಿ ಬಿಡಿ ಸಾರ್" ಎಂದರು. ಅಂದಿನಿಂದ ಕರೆಂಟು ಹೋದಾಗಲೆಲ್ಲ ಕೆಳಗಿನ ಬೀದಿಯ ಹಿಟ್ಟಿನ ಗಿರಣಿ ನಿಲ್ಲುತ್ತಿತ್ತು, ಉಣ್ಣೆ ಕಚೇರಿಯ ಫ್ಯಾನು ಮಾತ್ರ ನಿಲ್ಲುತ್ತಿರಲಿಲ್ಲ.

ಜೂನ್ ಒಂದನೇ ತಾರೀಖು ದೇಶಪ್ರೇಮ ಇನ್ನೊಂದು ದಿಕ್ಕಿಗೆ ಹೊರಳಿತು. ಎಲ್ಲಾ ಸ್ವಿಚ್ಚುಗಳ ಮೇಲೂ ಬಿಳಿ ಪಟ್ಟಿ ಅಂಟಿತು. ಕಲ್ಲಿನ ದಪ್ಪ ಗೋಡೆಯ ಆ ಹಳೇ ಕಟ್ಟಡದಲ್ಲಿ ಕಿಟಕಿಗಳು ಕಡಿಮೆ, ಇದ್ದ ಕಿಟಕಿಗೆ ಬೀರುಗಳು ಅಡ್ಡ. ಸಿಬ್ಬಂದಿ ದನಿಯ ಗುರುತಿನ ಮೇಲೆ ಒಬ್ಬರನ್ನೊಬ್ಬರು ಕಂಡುಹಿಡಿಯಬೇಕಾಯಿತು. ಹುಲಿಕುಂಟೆಯ ಕುರಿಗಾರ ಓಬಯ್ಯ ಅರ್ಜಿ ಹಿಡಿದು ಒಳಗೆ ಬಂದವನು ಸಾಹೇಬರ ಕಾಲಿಗೇ ಎಡವಿ, "ಯಾವನ್ಲಾ ಅವ್ನು, ಕತ್ಲಲ್ಲಿ ಕಾಲ್ ನೀಡ್ಕಂಡ್ ಕುಂತಿರೋನು!" ಎಂದು ಗದರಿದ. ಸಣ್ಣರಂಗಯ್ಯ ಅವನ ಬಾಯಿ ಮುಚ್ಚಿಸಿ ಹೊರಗೆಳೆದುಕೊಂಡು ಹೋದ. ಹೊರಗೆ ಹೋದ ಮೇಲೂ, "ನಮ್ ಕುರಿ ರೊಪ್ಪದಾಗೇ ಇದ್ಕಿಂತ ಬೆಳಕೈತೆ ಕಣ್ಲಾ" ಎಂದು ಓಬಯ್ಯ ಹೇಳುವುದು ಎಲ್ಲರಿಗೂ ಕೇಳಿಸಿತು.

ಗಂಗಲಕ್ಷ್ಮಮ್ಮ ಬೆರಳಿನ ಅಭ್ಯಾಸಬಲದಿಂದಲೇ ಟೈಪು ಮಾಡುತ್ತಿದ್ದಳು. 'ಈ ಸಾಲಿನ ಗುರಿಯನ್ನು ಸಂಪೂರ್ಣವಾಗಿ ಮುಟ್ಟಲಾಗಿದೆ' ಎಂದು ಜಿಲ್ಲಾ ಕಚೇರಿಗೆ ಹೋಗಬೇಕಾದ ವರದಿ 'ಈ ಸಾಲಿನ ಕುರಿಯನ್ನು ಸಂಪೂರ್ಣವಾಗಿ ಮುಟ್ಟಲಾಗಿದೆ' ಎಂದು ಹೋಯಿತು. ಬಸವಲಿಂಗಯ್ಯನವರು ಆ ಕತ್ತಲೆಯಲ್ಲೇ ಸಹಿ ಹಾಕಿದ್ದರು. ನಕಲು ನೋಡಿ ತಿದ್ದುಪಡಿ ಬರೆಸುತ್ತಿರುವಾಗಲೇ ಜಿಲ್ಲಾ ಕಚೇರಿಯಿಂದ ಉತ್ತರ ಬಂತು: ಪ್ರಗತಿ ತೃಪ್ತಿಕರವಾಗಿದೆ, ಇದೇ ರೀತಿ ಮುಂದುವರಿಯಿರಿ.

ಬಹುಮಾನ ಬಂತು. ಮಧುಗಿರಿಯ ಪುರಭವನದಲ್ಲಿ ಸಮಾರಂಭ ನಡೆಯಿತು. ಹಗಲು ಹೊತ್ತಿನಲ್ಲೇ ಬಣ್ಣಬಣ್ಣದ ಸೀರಿಯಲ್ ಸೆಟ್ ಹೊತ್ತಿಸಿ, ನಾಲ್ಕು ಮೈಕು ಇಟ್ಟು, ಮಿತವ್ಯಯದ ಬಗ್ಗೆ ಮಾತನಾಡಿದರು. ಸಿರಾದ ಕಚೇರಿಗೆ ಎರಡನೇ ಬಹುಮಾನ. ಅಲ್ಲಿನವರು ಬಿಸಿನೀರಿನ ಉಪಾಯ ಹೊಳೆಯದೆ ಹಿಂದೆ ಬಿದ್ದಿದ್ದರು. ಬಲ್ಬೇ ಹಾಕದ ಕೊರಟಗೆರೆಯವರಿಗೆ ಸಹಕಾರ ಸಾಲದೆಂದು ಒಂದು ಎಚ್ಚರಿಕೆ. ಬಸವಲಿಂಗಯ್ಯನವರು ಶಾಲು ಹೊದ್ದು, ಕಣ್ಣು ತುಂಬಿ, "ಇದು ನನ್ನ ಸಿಬ್ಬಂದಿಯ ತ್ಯಾಗ" ಎಂದರು. ಹಿಂದಿನ ಸಾಲಿನಲ್ಲಿ ಗಂಗಲಕ್ಷ್ಮಮ್ಮ ತನ್ನ ಹೊಸ ಕನ್ನಡಕ ಸರಿಮಾಡಿಕೊಂಡು ಚಪ್ಪಾಳೆ ತಟ್ಟಿದಳು.

ವಾರ ಕಳೆಯುವಷ್ಟರಲ್ಲಿ ಜಿಲ್ಲಾ ಕಚೇರಿಯಿಂದ ಅಭಿನಂದನೆ ಬಂತು. ಅಭಿನಂದನೆಯ ಎರಡನೇ ಪ್ಯಾರಾದಲ್ಲಿ ವರ್ಗಾವಣೆ ಇತ್ತು. ಪಾವಗಡದ ಕಚೇರಿ ಉಳಿತಾಯದಲ್ಲಿ ತೀರಾ ಹಿಂದುಳಿದಿರುವುದರಿಂದ ಅಲ್ಲಿಗೆ ಇಂಥ ಪರಿಣತರ ಸೇವೆ ತುರ್ತಾಗಿ ಬೇಕಾಗಿದೆ.

ಬಸವಲಿಂಗಯ್ಯನವರು ಆ ಕಾಗದವನ್ನು ಮೊದಲಿಂದ ಇನ್ನೊಮ್ಮೆ ಓದಿದರು. ಅವರ ತಲೆಯ ಮೇಲೆ ಕರೆಂಟ್ ಆಫೀಸಿನ ಕೆಲಸದವರು ಏಣಿ ಹತ್ತಿ ಬಹುಮಾನದ ಫ್ಯಾನು ನೇತುಹಾಕುತ್ತಿದ್ದರು. ಅದರ ಗಾಳಿ ಅವರ ಜಾಗಕ್ಕೆ ಬಂದವನಿಗೆ ದಕ್ಕಿತು.

ಪಾವಗಡದ ಕಚೇರಿ ಊರಾಚೆ ಹೊಸದಾಗಿ ಕಟ್ಟಿದ ಕಟ್ಟಡ. ಗುಮಾಸ್ತ ಬೊಮ್ಮಪ್ಪ ಬಾಗಿಲಲ್ಲೇ ಕೈಮುಗಿದ. ಕನ್ನಡ ತೆಲುಗು ಎರಡನ್ನೂ ಒಂದೇ ಭಾಷೆ ಎಂದು ತಿಳಿದು ಮಾತನಾಡುವ ಮನುಷ್ಯ. ಒಳಗೆ ಫ್ಯಾನಿತ್ತು, ಬಲ್ಬಿತ್ತು, ಗೋಡೆಯ ತುಂಬ ಸ್ವಿಚ್ಚಿತ್ತು. ಬಸವಲಿಂಗಯ್ಯನವರು ಸೆಕೆ ತಾಳದೆ ಒಂದನ್ನು ಒತ್ತಿದರು. ಇನ್ನೊಂದನ್ನು ಒತ್ತಿದರು.

"ಯೆಂತ ಒತ್ತಿದ್ರೂ ಅಷ್ಟೇ ಸಾಮಿ. ಕರೆಂಟೇ ಲೇದು," ಎಂದ ಬೊಮ್ಮಪ್ಪ.

"ಯಾವಾಗ ಹೋಯ್ತು?"

"ಹೋಗಾಕೆ ಬಂದಿದ್ರೆ ಕದಾ ಸಾಮಿ? ಬಿಲ್ಡಿಂಗ್ ಕಟ್ಟಿದಾಗಿಂದ್ಲೂ ಅರ್ಜಿ ಹಾಕ್ತಾನೇ ಅವ್ನಿ. ಕಂಬ ಲೇದು ಅಂತಾರೆ."

ಕರೆಂಟೇ ಇಲ್ಲದ ಕಚೇರಿಯಲ್ಲಿ ಕರೆಂಟು ಉಳಿಸಲು ಬಸವಲಿಂಗಯ್ಯನವರನ್ನು ಕಳಿಸಿದ್ದರು.

ಕಟ್ಟಡದ ಹಿಂಭಾಗದಲ್ಲಿ ನೂಲುವ ತರಬೇತಿಯ ಕೋಣೆಯಿತ್ತು. ಗಾಳಿಗೆ ಉಣ್ಣೆ ಹಾರುತ್ತದೆಂದು ಅದಕ್ಕೆ ಕಿಟಕಿಯನ್ನೇ ಇಟ್ಟಿರಲಿಲ್ಲ. ಸುತ್ತಲಿನ ಹಟ್ಟಿಗಳ ಹೆಂಗಸರು ಅದರ ಬಾಗಿಲ ಬೆಳಕಿನಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತು ನೂಲುತ್ತಿದ್ದರು. ಅವರಲ್ಲಿ ಹಿರಿಯಳು ಕ್ಯಾತಮ್ಮ. ಹೊಸ ಸಾಹೇಬರು ಬಾಗಿಲಿಗೆ ಬಂದು ನಿಂತಾಗ ಆಕೆ ತಲೆಯೆತ್ತದೆ, "ವಸಿ ಪಕ್ಕಕ್ಕೆ ನಿಂತ್ಕಳಪ್ಪ, ಬೆಳಕಿಗಡ್ಡ ಬಂದ್ಬುಟ್ಟೆ" ಎಂದಳು. ಅವರು ಪಕ್ಕಕ್ಕೆ ನಿಂತರು. ಆಕೆಯ ಕೈಯ ಎಳೆ ಬೆಳಕಿನಲ್ಲಿದ್ದಾಗ ಸಣ್ಣಗೆ ಬಂದು, ಕತ್ತಲಿಗೆ ಹೋಗುತ್ತಲೇ ಗಂಟಾಗುತ್ತಿತ್ತು.

ಮರುದಿನ ಬಸವಲಿಂಗಯ್ಯನವರು ಬೊಮ್ಮಪ್ಪನನ್ನು ಕರೆದರು. "ಸಂಪರ್ಕ ಕೊಡಿ ಅಂತ ಅರ್ಜಿ ಹಾಕಿದ್ದು ಸಾಕು. ಉಳಿತಾಯ ಯೋಜನೆಗೆ ಸೇರಿಸಿಕೊಳ್ಳಿ ಅಂತ ಹಾಕೋಣ."

"ಏಂ ಉಳಿಸ್ತಾಮು ಸಾಮಿ?"

"ಅದನ್ನ ಅವರು ಯೋಚನೆ ಮಾಡ್ಲಿ."

ಕರೆಂಟ್ ಆಫೀಸಿನವರು ಯೋಚನೆ ಮಾಡಿದರು. ಪಾವಗಡದ ಉಣ್ಣೆ ಕಚೇರಿ ಯೋಜನೆಗೆ ಸೇರಿತೆಂದರೆ ಸುತ್ತಲಿನ ತಾಲ್ಲೂಕುಗಳೆಲ್ಲ ಸೇರಿದಂತೆ ಲೆಕ್ಕ. ಸೇರಬೇಕಾದರೆ ಉಳಿತಾಯ ಅಳೆಯಬೇಕು, ಅಳೆಯಲು ಮೀಟರು ಬೇಕು, ಮೀಟರು ತಿರುಗಲು ಕರೆಂಟು ಬೇಕು. ವರ್ಷಗಟ್ಟಲೆ ಸಿಗದಿದ್ದ ಕಂಬಗಳು ಒಂದು ಬೆಳಿಗ್ಗೆ ಲಾರಿಯಲ್ಲಿ ಬಂದಿಳಿದವು. ಉರಿಸಲು ಕೇಳಿದಾಗ ಕೊಡದ ಕರೆಂಟನ್ನು ಆರಿಸುತ್ತೇವೆಂದಾಗ ಓಡೋಡಿ ಬಂದು ಕೊಟ್ಟರು.

ನೂಲುವ ಕೋಣೆಯಲ್ಲಿ ಮೊದಲ ಸಲ ಬಲ್ಬು ಹೊತ್ತಿದಾಗ ಹೆಂಗಸರೆಲ್ಲ ಬಾಗಿಲು ಬಿಟ್ಟು ಮೂಲೆಮೂಲೆಗೆ ಹರಡಿ, ಕಾಲು ನೀಡಿ ಕೂತರು. ಕ್ಯಾತಮ್ಮ ತಾನು ನೂತಿದ್ದ ಹಳೇ ಉಂಡೆಯೊಂದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಥೂ, ಇದ್ನ ನಾನೇ ನೂತಿದ್ನಾ!" ಎಂದು ನಕ್ಕಳು. ಬಸವಲಿಂಗಯ್ಯನವರು ಈ ಸಲ ಯಾರಿಗೂ ಏನನ್ನೂ ಉರಿಸಿರೆಂದು ಹೇಳಬೇಕಾಗಲಿಲ್ಲ.

ಮೂರು ತಿಂಗಳು ಕಳೆದು ಆರಿಸುವ ಕಾಲ ಬಂತು. ಅದೇ ಹೊತ್ತಿಗೆ ಮಧುಗಿರಿಯಿಂದ ಮರುಳಸಿದ್ದಯ್ಯ ಫೋನು ಮಾಡಿದರು. "ಅಲ್ಲೂ ನೀವೇ ಗೆದ್ದುಬಿಡಿ ಸಾರ್. ಜಿಲ್ಲಾ ಆಫೀಸಿನ ಸಾಹೇಬ್ರು ನಿಮ್ಮನ್ನ ವಾಪಸ್ ಮಧುಗಿರಿಗೇ ಹಾಕ್ತೀನಿ ಅಂದಿದ್ದಾರೆ. ನನ್ನ ಮುಂದೇನೇ ಅಂದ್ರು."

ಬಸವಲಿಂಗಯ್ಯನವರಿಗೆ ಆ ದಿನ ಊಟ ರುಚಿಸಲಿಲ್ಲ. ಮಧುಗಿರಿಯ ಮನೆ, ಹೆಂಡತಿ, ಸಂಜೆಯ ವಾಕಿಂಗ್ ಎಲ್ಲ ಕಣ್ಣ ಮುಂದೆ ಬಂದವು. ಊಟದ ತಟ್ಟೆ ಸರಿಸಿ ಎದ್ದು, ನೇರ ಹಿಂದಿನ ಕೋಣೆಗೆ ಹೋಗಿ ತಮ್ಮ ಕೈಯಿಂದಲೇ ಬಲ್ಬು ಆರಿಸಿದರು.

ಒಳಗಿನಿಂದ ಯಾರೂ ಬೈಯಲಿಲ್ಲ. ಅದೇ ಅವರಿಗೆ ಕಷ್ಟವಾಯಿತು. ಹೆಂಗಸರು ಇದನ್ನು ಮೊದಲೇ ನಿರೀಕ್ಷಿಸಿದ್ದವರಂತೆ ಉಣ್ಣೆ ಎತ್ತಿಕೊಂಡು, ಸದ್ದಿಲ್ಲದೆ ಮತ್ತೆ ಬಾಗಿಲ ಬಳಿ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತರು. ಕ್ಯಾತಮ್ಮ ಮಾತ್ರ ಪಕ್ಕದವಳಿಗೆ ಸಮಾಧಾನ ಹೇಳಿದಳು. "ಓಗ್ಲಿ ಬುಡಮ್ಮಿ. ಅಷ್ಟ್ ದಿನಾನಾದ್ರೂ ಕೊಟ್ಟಿದ್ರಲ್ಲ, ಪುಣ್ಯಾತ್ಮರು."

ಬೈದಿದ್ದರೆ ಬಸವಲಿಂಗಯ್ಯನವರು ಮಧುಗಿರಿಗೆ ಹೋಗಿಬಿಡುತ್ತಿದ್ದರು. ಬೈಗುಳ ಅವರಿಗೆ ಹೊಸದಲ್ಲ. ಪುಣ್ಯಾತ್ಮ ಎನಿಸಿಕೊಂಡು ಅಭ್ಯಾಸವಿರಲಿಲ್ಲ. ಯಾರ ಮೇಲೋ ರೇಗಿದವರಂತೆ ಸ್ವಿಚ್ಚನ್ನು ಮತ್ತೆ ಟಪ್ಪೆಂದು ಒತ್ತಿದರು. ಕೋಣೆ ಬೆಳಗಿತು.

"ಸಾಮಿ, ಪ್ರೈಜು?" ಎಂದ ಹಿಂದೆಯೇ ಬಂದಿದ್ದ ಬೊಮ್ಮಪ್ಪ.

"ಕೊರಟಗೆರೆಯೋರಿಗೆ ಹೋಗ್ಲಿ. ಇಷ್ಟರಲ್ಲಿ ಅವರೂ ಬಿಸಿನೀರು ಕಾಯಿಸೋದು ಕಲಿತಿರ್ತಾರೆ."

ಬಹುಮಾನ ಬರಲಿಲ್ಲ, ನೋಟೀಸು ಬಂತು. ಹಿಂದಿನ ವರ್ಷ ಒಂದು ಯೂನಿಟ್ಟೂ ಬಳಸದ ಆದರ್ಶ ಕಚೇರಿಯೊಂದು ಈ ವರ್ಷ ಹೀಗೆ ದಾರಿ ತಪ್ಪಲು ಕಾರಣವೇನು? ಬಸವಲಿಂಗಯ್ಯನವರು, 'ಇಲ್ಲಿ ಕೆಲಸ ನಡೆಯುತ್ತಿದೆ' ಎಂದು ಒಂದೇ ಸಾಲಿನ ಉತ್ತರ ಬರೆದರು. ತಿಂಗಳ ನಂತರ ಅದಕ್ಕೂ ಜವಾಬು ಬಂತು: ವಿವರಣೆ ತೃಪ್ತಿಕರವಾಗಿಲ್ಲ; ಕೆಲಸ ಎಂಬ ಕಾರಣಕ್ಕೆ ಯೋಜನೆಯಲ್ಲಿ ಅವಕಾಶವಿರುವುದಿಲ್ಲ.

ಅವರು ಆ ಕಾಗದವನ್ನು ಹಿಂದಿನ ಕೋಣೆಗೆ ತಂದು, ಉಣ್ಣೆ ಮೂಟೆಯೊಂದರ ಮೇಲೆ ಕೂತು, ಹೆಂಗಸರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದರು. ಕ್ಯಾತಮ್ಮ ಎಳೆ ಬಿಡದೆಯೇ ಕೇಳಿಸಿಕೊಂಡಳು.

"ಅದ್ಯಾಕೆ ಅಂಗೆ ಬರ್ದವ್ರೆ ಸ್ವಾಮಿ, ಅವ್ರ ಆಪೀಸ್ನಾಗೆ ಬೆಳಕಿಲ್ವಾ?"

ಬಸವಲಿಂಗಯ್ಯನವರು ಪಾವಗಡಕ್ಕೆ ಬಂದ ಮೇಲೆ ಮೊದಲ ಬಾರಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೊಮ್ಮಪ್ಪನಿಗೆ ಕಾಫಿ ತರಿಸಲು ಹೇಳಿದರು, ಎಲ್ಲರಿಗೂ.